‘ಯಾವುದಕ್ಕೆ ಹೋಲಿಸಿ?’: ಡೇಟಾ ಅನಲಿಸ್ಟ್‌ಗಳಿಗೆ ಹದಿನಾಲ್ಕು ಸೂತ್ರಗಳು

ಡೇಟಾ ಅನಲಿಸ್ಟ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲರೂ ಕಲಿಯುವುದು ಸಾಫ್ಟ್‌ವೇರ್. ಎಕ್ಸೆಲ್‌ನ ಪಿವೋಟ್, ಎಸ್‌ಕ್ಯುಎಲ್‌ನ ಜಾಯಿನ್, ಪವರ್ ಬಿಐ ಡ್ಯಾಶ್‌ಬೋರ್ಡ್, ಆಮೇಲೆ ಪೈಥಾನ್. ಇವೆಲ್ಲ ಬೇಕು, ಮನಸ್ಸಿಟ್ಟು ಕೂತರೆ ಬರುತ್ತವೆ. ತಡವಾಗಿ ಬರುವುದು ಬೇರೊಂದು: ಯಾವ ಅಂಕಿ ಕಣ್ಣಿಗೆ ಬಿದ್ದರೂ ‘ಇದನ್ನು ಯಾವುದಕ್ಕೆ ಹೋಲಿಸಿ ನೋಡಬೇಕು?’ ಎಂದು ಕೇಳಿಕೊಳ್ಳುವ ಅಭ್ಯಾಸ. ಈ ತಿಂಗಳು 40 ಲಕ್ಷ ರೂಪಾಯಿ ಮಾರಾಟವಾಯಿತು ಎಂದರೆ ಹಿಗ್ಗಬೇಕೋ ಕುಗ್ಗಬೇಕೋ ಆ ಅಂಕಿಯೊಂದರಿಂದ ತಿಳಿಯುವುದಿಲ್ಲ. ಕೆಳಗಿನ ಸೂತ್ರಗಳೆಲ್ಲ ಆ ಒಂದು ಅಭ್ಯಾಸದ ಸುತ್ತಲಿನವು. ಉದಾಹರಣೆಗಳನ್ನು ಆದಷ್ಟು ನಮ್ಮ ರಾಜ್ಯದ ಮಳೆ, ಮಂಡಿ, ಜನಗಣತಿಯ ಲೆಕ್ಕಗಳಿಂದ ಆರಿಸಿದ್ದೇನೆ. ಆ ಡೇಟಾ ಸಾರ್ವಜನಿಕವಾಗಿ ಸಿಗುತ್ತದೆ, ನೀವೇ ಮಾಡಿ ನೋಡಬಹುದು.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ಮಾರಾಟದ ಡೇಟಾ ಸ್ವಲ್ಪ ನೋಡಿ’ ಎಂದು ಮೇಲಿನವರು ಹೇಳಿದರೆ ತಕ್ಷಣ ಫೈಲ್ ತೆರೆಯಬೇಡಿ. ‘ಸರ್, ಇದನ್ನು ನೋಡಿ ಏನು ತೀರ್ಮಾನ ಮಾಡಬೇಕಿದೆ?’ ಎಂದು ಕೇಳಿ. ಅಂಗಡಿ ಮುಚ್ಚುವ ಮಾತೋ, ದಾಸ್ತಾನು ಹೆಚ್ಚಿಸುವ ಮಾತೋ, ಬೆಲೆ ಬದಲಿಸುವ ಮಾತೋ? ತೀರ್ಮಾನ ಗೊತ್ತಾದರೆ ಹೋಲಿಕೆ ತಾನಾಗಿ ಗೊತ್ತಾಗುತ್ತದೆ. ಅಂಗಡಿ ಮುಚ್ಚುವುದಾದರೆ ಅದೇ ಊರಿನ ಉಳಿದ ಅಂಗಡಿಗಳ ಜತೆ ಹೋಲಿಸಬೇಕು, ದಾಸ್ತಾನು ಹೆಚ್ಚಿಸುವುದಾದರೆ ಹೋದ ವರ್ಷದ ಇದೇ ಹೊತ್ತಿನ ಜತೆ. ಒಂದೇ ಡೇಟಾದಿಂದ ಎರಡು ಬೇರೆಯದೇ ಚಾರ್ಟ್‌ಗಳು ಹುಟ್ಟುತ್ತವೆ.

2. ಮೊದಲ ಕೆಲಸ, ಸಾಲು ಎಣಿಸುವುದು

2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದವು. ಕಾರಣ ಹಳೆಯ ಮಾದರಿಯ ಎಕ್ಸೆಲ್ ಫೈಲ್. ಅದರಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಯುವುದಿಲ್ಲ, ಹೆಚ್ಚಾದದ್ದು ಸದ್ದಿಲ್ಲದೆ ಉದುರಿಹೋಗಿತ್ತು. ಅಷ್ಟು ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಹಲವು ದಿನ ತಡವಾಯಿತು.

ಮೂಲದಲ್ಲಿ ಎಷ್ಟು ಸಾಲು, ನಿಮ್ಮ ಕೈಗೆ ಬಂದದ್ದೆಷ್ಟು, ಜಾಯಿನ್ ಆದ ಮೇಲೆ ಎಷ್ಟು, ಫಿಲ್ಟರ್ ಆದ ಮೇಲೆ ಎಷ್ಟು? ಪ್ರತಿ ಹಂತದ ಎಣಿಕೆಯನ್ನು ಬರೆದಿಡಿ. ಜಾಯಿನ್ ಮಾಡಿದ ಮೇಲೆ ಸಾಲು ಹೆಚ್ಚಾದರೆ ಒಂದು ಕಡೆ ಕೀ ಎರಡು ಸಲ ಬಂದಿದೆ ಎಂದೇ ಅರ್ಥ. ಮೊತ್ತ ಉಬ್ಬಿಹೋಗುವ ಮೊದಲೇ ಅಲ್ಲಿ ನಿಲ್ಲಬೇಕು.

3. ಎಕ್ಸೆಲ್ ತಾನಾಗಿ ತಿದ್ದಿದ್ದನ್ನು ಹಿಡಿಯಿರಿ

ಪಹಣಿಯಲ್ಲಿ ಸರ್ವೆ ನಂಬರ್ 5/2 ಎಂದಿದ್ದರೆ ಎಕ್ಸೆಲ್ ಅದನ್ನು ಫೆಬ್ರುವರಿ 5 ಎಂದು ಓದಿಕೊಳ್ಳುತ್ತದೆ. 35/2 ಎಂಬ ತಾರೀಕು ಇಲ್ಲವಾದ್ದರಿಂದ ಅದು ಹಾಗೇ ಉಳಿಯುತ್ತದೆ. ಹೀಗಾಗಿ ಒಂದೇ ಕಾಲಮ್ಮಿನಲ್ಲಿ ಅರ್ಧ ಸರ್ವೆ ನಂಬರ್, ಅರ್ಧ ತಾರೀಕು. ತಳಿವಿಜ್ಞಾನಿಗಳಿಗೂ ಇದೇ ಕಾಟವಿತ್ತು. ಕೆಲವು ಜೀನ್‌ಗಳ ಸಂಕ್ಷಿಪ್ತ ಹೆಸರುಗಳು ಮಾರ್ಚ್, ಸೆಪ್ಟೆಂಬರ್ ತಿಂಗಳ ತಾರೀಕುಗಳಾಗಿ ಬದಲಾಗುತ್ತಿದ್ದುದರಿಂದ 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ತೆರೆಯುವ ಬದಲು ಡೇಟಾ ಮೆನುವಿನಿಂದ ಆಮದು ಮಾಡಿಕೊಳ್ಳಿ. ಇಂಥ ಕಾಲಮ್ಮುಗಳನ್ನು ‘ಟೆಕ್ಸ್ಟ್’ ಎಂದು ಮೊದಲೇ ಗುರುತಿಸಿ.

ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ನೋಡಿಬಿಡಿ. ಮಳೆ ಬಾರದ ದಿನ 0 ಮಿ.ಮೀ., ಮಳೆಮಾಪಕ ಕೆಟ್ಟು ನಿಂತ ದಿನ ಖಾಲಿ. ಮಂಡಿಗೆ ರಜೆ ಇದ್ದ ದಿನದ ಬೆಲೆಯೂ ಖಾಲಿ. ಆ ಖಾಲಿಯನ್ನು ಸೊನ್ನೆಯಿಂದ ತುಂಬಿದರೆ ತಿಂಗಳ ಸರಾಸರಿ ಬೆಲೆ ಕುಸಿದಂತೆ ಕಾಣುತ್ತದೆ, ರೈತರ ಪಾಲಿಗೆ ಅದು ಸುಳ್ಳು ಸುದ್ದಿ.

4. ಕನ್ನಡದ ಡೇಟಾಕ್ಕೆ ಬೇರೆಯೇ ಎಚ್ಚರಿಕೆ ಬೇಕು

ಕರ್ನಾಟಕದಲ್ಲಿ ಕೆಲಸ ಮಾಡುವ ಅನಲಿಸ್ಟ್‌ಗೆ ಇದನ್ನು ಯಾವ ಕೋರ್ಸ್‌ನಲ್ಲೂ ಹೇಳಿಕೊಡುವುದು ಅಪರೂಪ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಫೈಲ್‌ಗಳು ನುಡಿ ಅಥವಾ ಬರಹದ ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಯೂನಿಕೋಡ್‌ನಲ್ಲಿದ್ದರೂ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆಬೇರೆಯಾಗಿರಬಹುದು. ‘ಕೋ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಸಂಗ್ರಹಿಸಬಹುದು, ತುಂಡು ತುಂಡು ಸಂಕೇತಗಳಾಗಿಯೂ ಸಂಗ್ರಹಿಸಬಹುದು. ‘ಕುಮಾರ್’ ಎಂಬ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ‘ಝೀರೋ ವಿಡ್ತ್ ನಾನ್ ಜಾಯ್ನರ್’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಜಾಯಿನ್ ಕೂಡುವುದಿಲ್ಲ, ಒಬ್ಬರೇ ಫಲಾನುಭವಿ ಇಬ್ಬರಾಗುತ್ತಾರೆ. ಪೈಥಾನ್‌ನಲ್ಲಿ ಎಲ್ಲ ಕನ್ನಡ ಕಾಲಮ್ಮುಗಳನ್ನೂ ಮೊದಲು ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿ, ಪದದ ಕೊನೆಯ ಅದೃಶ್ಯ ಸಂಕೇತಗಳನ್ನೂ ಹೆಚ್ಚುವರಿ ಖಾಲಿ ಜಾಗವನ್ನೂ ತೆಗೆಯಿರಿ.

ಚಾರ್ಟ್‌ನಲ್ಲೂ ಪರೀಕ್ಷಿಸಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬೀಳುವುದು ಬಹುಕಾಲದ ತೊಂದರೆ. ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಪ್ಲಾಟ್ಲಿಯಂಥ ಲೈಬ್ರರಿಗಳಲ್ಲಿ ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತವೆ. ಜಿಲ್ಲಾಧಿಕಾರಿಗಳ ಸಭೆಯಲ್ಲಿ ‘ಚಿಕ್ಕಬಳ್ಳಾಪುರ’ ಒಡೆದು ಕಂಡರೆ ಅದರ ಕೆಳಗಿನ ಅಂಕಿಯನ್ನೂ ಜನ ನಂಬುವುದಿಲ್ಲ.

5. ಊರಿನ ಹೆಸರು ಕೀ ಆಗದಿರಲಿ

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದರ ಹಿಂದಿನ ಮುಂದಿನ ವರ್ಷಗಳನ್ನು ಹೆಸರಿನ ಮೇಲೆ ಜೋಡಿಸಿದರೆ ಹಳೆಯ ಜಿಲ್ಲೆ ಸತ್ತು ಹೊಸದೊಂದು ಹುಟ್ಟಿದಂತೆ ತೋರುತ್ತದೆ. ಹೆಸರಿನ ಬದಲು ಕೇಂದ್ರ ಸರ್ಕಾರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಬಳಸಿ.

ಕೋಡ್ ಇದ್ದರೂ ಗಡಿ ಬದಲಾಗುತ್ತದೆ. ಹರಪನಹಳ್ಳಿ ತಾಲ್ಲೂಕು 2018ರವರೆಗೆ ದಾವಣಗೆರೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಸೇರಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಸಂಖ್ಯಾಶಾಸ್ತ್ರದ ಮಹಾನ್ ವಿದ್ವಾಂಸ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ ಹೂವಿನ ಹಡಗಲಿಯೂ ಬಳ್ಳಾರಿಯಿಂದ ವಿಜಯನಗರಕ್ಕೆ ಬಂದಿದೆ. ಬಳ್ಳಾರಿಯ ಶಾಲೆಗಳೋ ಪಡಿತರ ಚೀಟಿಗಳೋ 2021ರ ಬಳಿಕ ಒಮ್ಮೆಲೇ ಕಡಿಮೆಯಾಗಿ ಕಂಡರೆ ಕಾರಣ ಹುಡುಕಲು ಹೋಗುವ ಮೊದಲು ಗಡಿ ನೋಡಿ. ದೀರ್ಘಕಾಲದ ಹೋಲಿಕೆಗೆ ತಾಲ್ಲೂಕು ಮಟ್ಟದ ಡೇಟಾ ತೆಗೆದುಕೊಂಡು, ಎಲ್ಲ ವರ್ಷಗಳಿಗೂ ಒಂದೇ ಗಡಿಯಲ್ಲಿ ಕೂಡಿಸುವುದು ಸರಿಯಾದ ದಾರಿ.

6. ಮೊದಲು ಚುಕ್ಕಿ, ಆಮೇಲೆ ಸರಾಸರಿ

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಮ್ 1973ರಲ್ಲಿ ನಾಲ್ಕು ಪುಟ್ಟ ಡೇಟಾ ಪಟ್ಟಿಗಳನ್ನು ಪ್ರಕಟಿಸಿದರು. ಪ್ರತಿಯೊಂದರಲ್ಲೂ 11 ಬಿಂದು. ನಾಲ್ಕರ ಸರಾಸರಿಯೂ ಒಂದೇ, ಸಹಸಂಬಂಧವೂ ಹೆಚ್ಚುಕಡಿಮೆ ಅದೇ 0.816, ಹೊಂದಿಕೆಯ ರೇಖೆಯೂ ಒಂದೇ. ಚಿತ್ರ ಬಿಡಿಸಿದರೆ ಒಂದು ಸಾಧಾರಣ ಓರೆ ಚದುರುವಿಕೆ, ಇನ್ನೊಂದು ಬಾಗಿದ ಕಮಾನು, ಮೂರನೆಯದು ಒಂದೇ ಒಂದು ಬಿಂದು ದಾರಿ ತಪ್ಪಿಸಿದ ನೇರ ಗೆರೆ, ನಾಲ್ಕನೆಯದರಲ್ಲಿ ಇಡೀ ಸಂಬಂಧ ನಿಂತಿರುವುದೇ ದೂರದ ಒಂದು ಬಿಂದುವಿನ ಮೇಲೆ. ಪ್ರತಿ ಹೊಸ ಡೇಟಾಕ್ಕೂ ಹಿಸ್ಟೋಗ್ರಾಂ, ಬಾಕ್ಸ್ ಪ್ಲಾಟ್, ಸ್ಕ್ಯಾಟರ್ ಈ ಮೂರನ್ನು ಮೊದಲು ಬಿಡಿಸಿ. ಇವನ್ನು ಯಾರಿಗೂ ತೋರಿಸಬೇಕಿಲ್ಲ, ನಿಮಗಾಗಿ ಮಾತ್ರ.

ರಾಜ್ಯದ ವಾರ್ಷಿಕ ಸರಾಸರಿ ಮಳೆ 1,150 ಮಿ.ಮೀ. ಆಸುಪಾಸು ಎನ್ನುತ್ತೇವೆ. ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುತ್ತದೆ, ಚಳ್ಳಕೆರೆಯ ಕಡೆ 500ರ ಸುತ್ತಮುತ್ತ. ಈ ಎರಡು ಕಡೆಯವರಲ್ಲಿ ಯಾರಿಗೂ ಆ ಸರಾಸರಿ ಕೆಲಸಕ್ಕೆ ಬಾರದು. ಹರವು ಹೀಗೆ ಒಂದು ಕಡೆಗೆ ಎಳೆದುಕೊಂಡಿರುವಾಗ ಮಧ್ಯಾಂಕವನ್ನು ಕೊಡಿ, ಜತೆಗೆ ಕನಿಷ್ಠ, ಗರಿಷ್ಠವನ್ನೂ ಕೊಡಿ.

7. ಛೇದ ಯಾವುದು?

2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551, ಕೊಡಗಿನದು 5,54,519. ಹದಿನೇಳು ಪಟ್ಟು ಅಂತರ. ಅಪಘಾತ, ಬ್ಯಾಂಕ್ ಖಾತೆ, ನಾಯಿಕಡಿತ, ಏನನ್ನು ಎಣಿಸಿದರೂ ಬೆಂಗಳೂರೇ ಮುಂದಿರುತ್ತದೆ. ಆ ಚಾರ್ಟ್ ಜನಸಂಖ್ಯೆಯನ್ನೇ ಇನ್ನೊಮ್ಮೆ ಬಿಡಿಸಿದಂತೆ. ಲಕ್ಷ ಜನಕ್ಕೆ ಎಷ್ಟು ಎಂದು ಕೇಳಿ. ಅಪಘಾತಕ್ಕಾದರೆ ಸಾವಿರ ವಾಹನಕ್ಕೆ ಎಷ್ಟು ಎಂಬುದೂ ನ್ಯಾಯವಾದ ಪ್ರಶ್ನೆ. ಎರಡರ ಉತ್ತರ ಬೇರೆಯಾದರೆ ಎರಡನ್ನೂ ತೋರಿಸಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲವಾದ್ದರಿಂದ ಛೇದದಲ್ಲಿರುವುದು 2011ರ ಎಣಿಕೆಯೋ ಅಂದಾಜೋ ಎಂದು ಚಾರ್ಟ್‌ನ ಅಡಿಯಲ್ಲಿ ಬರೆಯಿರಿ.

ಶೇಕಡಾ ಲೆಕ್ಕದಲ್ಲೂ ಛೇದ ಜಾರುತ್ತದೆ. ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಅಂತರ 36.74 ಶೇಕಡಾವಾರು ಅಂಶ. ‘ಶೇ 36.74 ಹೆಚ್ಚು’ ಎಂದು ಬರೆದರೆ ತಪ್ಪು, ಯಾದಗಿರಿಗೆ ಹೋಲಿಸಿದ ಲೆಕ್ಕದಲ್ಲಿ ಅದು ಸುಮಾರು ಶೇ 71 ಹೆಚ್ಚು.

8. ಒಟ್ಟು ಅಂಕಿಯನ್ನು ಒಡೆದು ನೋಡಿ

ಶಿವಮೊಗ್ಗದ ಅಡಿಕೆ ಮಂಡಿಯ ಧಾರಣೆ ನೋಡಿದವರಿಗೆ ಗೊತ್ತು, ಅಲ್ಲಿ ‘ಅಡಿಕೆ ಬೆಲೆ’ ಎಂಬ ಒಂದು ಬೆಲೆ ಇಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೂ ಒಂದೊಂದು ಧಾರಣೆ. ಈಗ ಲೆಕ್ಕಕ್ಕಾಗಿ ಹೀಗೆ ಎಂದುಕೊಳ್ಳಿ: ಮೊದಲ ವಾರ 80 ಕ್ವಿಂಟಲ್ ರಾಶಿ ತಲಾ 50,000 ರೂಪಾಯಿಗೆ, 20 ಕ್ವಿಂಟಲ್ ಗೊರಬಲು ತಲಾ 30,000ಕ್ಕೆ ಹೋಯಿತು. ಎರಡನೇ ವಾರ ರಾಶಿ 40 ಕ್ವಿಂಟಲ್, ಬೆಲೆ 51,000; ಗೊರಬಲು 60 ಕ್ವಿಂಟಲ್, ಬೆಲೆ 31,000. ಎರಡೂ ಬಗೆಯ ಬೆಲೆ ಸಾವಿರ ರೂಪಾಯಿ ಏರಿದೆ. ಒಟ್ಟು ಸರಾಸರಿ ಮಾತ್ರ 46,000ದಿಂದ 39,000ಕ್ಕೆ ಇಳಿದಿದೆ! ‘ಅಡಿಕೆ ಧಾರಣೆ ಕುಸಿತ’ ಎಂದು ಡ್ಯಾಶ್‌ಬೋರ್ಡ್ ಕೆಂಪಾದರೆ ಅದನ್ನು ನಂಬಿ ಮಾಲು ಮಾರಿಬಿಟ್ಟ ಬೆಳೆಗಾರನಿಗೆ ಯಾರು ಉತ್ತರ ಹೇಳಬೇಕು?

ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎನ್ನುತ್ತಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44 ಮಂದಿಗೂ ಹೆಂಗಸರಲ್ಲಿ ಶೇ 35 ಮಂದಿಗೂ ಸೀಟು ಸಿಕ್ಕಿತ್ತು. ವಿಭಾಗವಾರು ಒಡೆದಾಗ ಆ ಅಂತರ ಕರಗಿತು. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಒಟ್ಟು ಅಂಕಿ ಏರಿಳಿದಾಗಲೆಲ್ಲ ಎರಡು ಭಾಗ ಮಾಡಿ ಕೇಳಿ: ಪ್ರತಿ ಗುಂಪಿನ ಒಳಗೆ ಎಷ್ಟು ಬದಲಾಯಿತು, ಗುಂಪುಗಳ ಪ್ರಮಾಣ ಎಷ್ಟು ಬದಲಾಯಿತು?

9. ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಳ್ಳಿ

ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು. ಆ ವರ್ಷ ಅಧಿಕ ಶ್ರಾವಣ ಬಂದದ್ದರಿಂದ ಮುಂದಿನ ಯುಗಾದಿ 2024ರ ಏಪ್ರಿಲ್ 9ಕ್ಕೆ ಹೋಯಿತು. ಅದರ ಮುಂದಿನದು 2025ರ ಮಾರ್ಚ್ 30. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಲೆಕ್ಕ ಹಾಕಿ ನೋಡಿ. 2023–24ರಲ್ಲಿ ಯುಗಾದಿಯೇ ಇಲ್ಲ, 2024–25ರಲ್ಲಿ ಎರಡು ಯುಗಾದಿ. ಬಟ್ಟೆ, ಚಿನ್ನ, ದ್ವಿಚಕ್ರ ವಾಹನ ಮಾರುವವರ ವಾರ್ಷಿಕ ಬೆಳವಣಿಗೆಯ ಚಾರ್ಟ್‌ನಲ್ಲಿ ಇದು ಸೇರಿಕೊಂಡಿರುತ್ತದೆ, ಶ್ರೇಯಸ್ಸು ಮಾತ್ರ ಹೊಸ ಜಾಹೀರಾತಿಗೆ ಹೋಗಿರುತ್ತದೆ. ದೀಪಾವಳಿ ಒಂದು ವರ್ಷ ಅಕ್ಟೋಬರ್, ಇನ್ನೊಂದು ವರ್ಷ ನವೆಂಬರ್. ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ.

ಡೇಟಾಬೇಸ್‌ನಲ್ಲಿ ತಾರೀಕಿನದೇ ಒಂದು ಕೋಷ್ಟಕ ಮಾಡಿ, ಅದರಲ್ಲಿ ಹಬ್ಬ, ಸಂತೆ, ಸಂಬಳದ ದಿನ, ಶಾಲೆಯ ರಜೆ, ಎಲ್ಲಕ್ಕೂ ಒಂದೊಂದು ಕಾಲಮ್ ಇಡಿ. ತಿಂಗಳಿಗೆ ತಿಂಗಳು ಹೋಲಿಸುವ ಬದಲು ‘ಹಬ್ಬಕ್ಕೆ ಎರಡು ವಾರ ಮುಂಚೆ’ ಎಂಬಂತೆ ಹಬ್ಬದಿಂದ ಹಬ್ಬಕ್ಕೆ ಹೋಲಿಸಲು ಆಗ ಸಾಧ್ಯ.

10. ಆಗದೇ ಹೋದದ್ದನ್ನೂ ಪಟ್ಟಿಗೆ ಸೇರಿಸಿ

ಇದು ಜೀವದ ಪ್ರಶ್ನೆಯಾಗಿದ್ದ ಸಂದರ್ಭವೊಂದಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿನಲ್ಲಿ ಸಿಡಿದು ಏಳು ಜನ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರಗಳು ಚಳಿಗೆ ಗಡುಸಾಗಿ ಬಿಸಿ ಅನಿಲವನ್ನು ತಡೆಯದೇ ಹೋದವು. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಚಳಿಯ ಬಗ್ಗೆ ಎಚ್ಚರಿಸಿದ್ದರು. ಆದರೆ ಚರ್ಚೆಗೆ ಬಂದದ್ದು ಉಂಗುರಕ್ಕೆ ಹಾನಿಯಾಗಿದ್ದ ಹಾರಾಟಗಳ ಲೆಕ್ಕ. ಚಳಿಯಲ್ಲೂ ಹಾನಿಯಾಗಿತ್ತು, ಸೆಕೆಯಲ್ಲೂ ಹಾನಿಯಾಗಿತ್ತು. ಅಷ್ಟನ್ನೇ ನೋಡಿದರೆ ಉಷ್ಣಾಂಶಕ್ಕೂ ಹಾನಿಗೂ ಸಂಬಂಧವಿದ್ದಂತೆ ಕಾಣದು.

ತನಿಖೆ ನಡೆಸಿದ ರೋಜರ್ಸ್ ಆಯೋಗ ಹಾನಿಯಾಗದ ಹಾರಾಟಗಳನ್ನೂ ಅದೇ ಚಿತ್ರದಲ್ಲಿಟ್ಟಿತು. 66 ಡಿಗ್ರಿ ಫ್ಯಾರನ್‌ಹೀಟ್ ಮತ್ತು ಅದಕ್ಕಿಂತ ಮೇಲಿನ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿ. 63 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ನಾಲ್ಕು ಹಾರಾಟಗಳಲ್ಲಿ ನಾಲ್ಕರಲ್ಲೂ ಹಾನಿ. ಆ ಬೆಳಿಗ್ಗೆ ಉಡಾವಣೆಯ ಹೊತ್ತಿನ ಉಷ್ಣಾಂಶ ನೀರು ಹೆಪ್ಪುಗಟ್ಟುವ ಮಟ್ಟದ ಹತ್ತಿರವಿತ್ತು. ಇಪ್ಪತ್ತನಾಲ್ಕು ಚುಕ್ಕಿಗಳ ಒಂದು ಸ್ಕ್ಯಾಟರ್ ಪ್ಲಾಟ್ ಸಾಕಿತ್ತು. ಈ ಪ್ರಕರಣವನ್ನು ನೆನೆದಾಗಲೆಲ್ಲ ನನಗೆ ನಮ್ಮ ಕೆಲಸದ ಭಾರ ಅರಿವಾಗುತ್ತದೆ.

ನಿಮ್ಮ ಕೆಲಸದಲ್ಲಿ ಇದು ಹೀಗೆ ಬರುತ್ತದೆ: ಬಿಟ್ಟುಹೋದ ಗ್ರಾಹಕರ ದೂರುಗಳನ್ನು ಓದುತ್ತೀರಿ, ಉಳಿದವರೂ ಅದೇ ದೂರು ಕೊಟ್ಟಿದ್ದರೇ ಎಂದು ನೋಡುವುದಿಲ್ಲ. ಸಾಲ ಮರುಪಾವತಿ ಮಾಡದವರ ಪಟ್ಟಿ ಮಾಡುತ್ತೀರಿ, ಮಾಡಿದವರ ಪಟ್ಟಿ ಪಕ್ಕದಲ್ಲಿರುವುದಿಲ್ಲ.

11. ಕಣ್ಣು ಸುಲಭವಾಗಿ ಅಳೆಯುವ ಚಾರ್ಟ್ ಆರಿಸಿ

ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದು: ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ಕಣ್ಣು ಅತ್ಯಂತ ನಿಖರವಾಗಿ ಹೋಲಿಸುತ್ತದೆ. ಆಮೇಲೆ ಉದ್ದ, ಕೋನ, ವಿಸ್ತೀರ್ಣ, ತೀರಾ ಕೊನೆಗೆ ಬಣ್ಣದ ಗಾಢತೆ. ಹೋಲಿಕೆ ಮುಖ್ಯವಾದ ಕಡೆ ಬಾರ್ ಅಥವಾ ಚುಕ್ಕಿ ಚಾರ್ಟ್ ಹಾಕಿ. ಪೈ ಚಾರ್ಟ್‌ಗೆ ಎರಡು ಮೂರು ತುಂಡು ಸಾಕು. ಬಾರ್‌ನಲ್ಲಿ ಉದ್ದವೇ ಅರ್ಥವಾದ್ದರಿಂದ ಅದು ಸೊನ್ನೆಯಿಂದಲೇ ಶುರುವಾಗಬೇಕು. ಲೈನ್ ಚಾರ್ಟ್‌ಗೆ ಆ ಕಟ್ಟುಪಾಡಿಲ್ಲ. ಮೂರು ಆಯಾಮದ ಅಲಂಕಾರ ಯಾವತ್ತೂ ಬೇಡ.

31 ಜಿಲ್ಲೆಗಳ 31 ಬಣ್ಣದ ಗೆರೆಗಳನ್ನು ಒಂದೇ ಚಿತ್ರದಲ್ಲಿ ತುರುಕಬೇಡಿ. ಒಂದೇ ಅಳತೆಯ 31 ಪುಟ್ಟ ಚಾರ್ಟ್‌ಗಳನ್ನು ಸಾಲಾಗಿ ಜೋಡಿಸಿ. ಇಲ್ಲವೇ ಮೂವತ್ತನ್ನು ತಿಳಿ ಬೂದು ಮಾಡಿ, ಹೇಳಬೇಕಾದ ಒಂದಕ್ಕೆ ಮಾತ್ರ ಬಣ್ಣ ಕೊಟ್ಟು ಗೆರೆಯ ತುದಿಯಲ್ಲೇ ಹೆಸರು ಬರೆಯಿರಿ.

12. ನಕಾಶೆ, ಬಣ್ಣ

ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,400 ಚದರ ಕಿ.ಮೀ. ಮೀರುತ್ತದೆ, ಬೆಂಗಳೂರು ನಗರದ್ದು ಸುಮಾರು 2,200. 2011ರಲ್ಲಿ ಬೆಳಗಾವಿಯ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟು. ಬಣ್ಣ ತುಂಬಿದ ನಕಾಶೆಯಲ್ಲಿ ಕಣ್ಣು ನೋಡುವುದು ನೆಲವನ್ನು, ಜನರನ್ನಲ್ಲ. ‘ಎಲ್ಲಿ’ ಎಂಬುದೇ ಪ್ರಶ್ನೆಯಾದಾಗ ಮಾತ್ರ ನಕಾಶೆ ಬಳಸಿ. ‘ಎಷ್ಟು’ ಎಂಬುದಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಬಾರ್ ಚಾರ್ಟ್. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಸಾಕಷ್ಟು ಇದ್ದಾರೆ, ನೀಲಿ ಮತ್ತು ಕಿತ್ತಳೆ ಜೋಡಿ ಕ್ಷೇಮ.

13. ಉತ್ತರ ಶೀರ್ಷಿಕೆಯಲ್ಲೇ ಇರಲಿ

‘ಜಿಲ್ಲಾವಾರು ದಾಖಲಾತಿ 2023’ ಎಂಬುದು ಫೈಲಿನ ಹೆಸರಾಗಬಹುದು, ಚಾರ್ಟ್‌ನ ಶೀರ್ಷಿಕೆಗೆ ಸಾಲದು. ನೀವು ಕಂಡದ್ದನ್ನು ಕ್ರಿಯಾಪದವಿರುವ ವಾಕ್ಯವಾಗಿ ಬರೆಯಿರಿ. ಕ್ರೈಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಮುದ್ರಿಸಿದ ಬಣ್ಣದ ಚಿತ್ರಗಳಿಗೆ ಒಂದೇ ಮಾತು ಹೇಳುವುದಿತ್ತು: ಸೈನಿಕರು ಗಾಯಗಳಿಗಿಂತ ಎಷ್ಟೋ ಹೆಚ್ಚಾಗಿ ಸತ್ತದ್ದು ತಡೆಯಬಹುದಾಗಿದ್ದ ರೋಗಗಳಿಂದ. ಆ ಮಾತು ಸೈನ್ಯದ ಆಸ್ಪತ್ರೆಗಳ ನೈರ್ಮಲ್ಯ ಸುಧಾರಣೆಗೆ ಬಲ ಕೊಟ್ಟಿತು.

ಅಂಕಿಗಳು ಓದುವವರ ಲೆಕ್ಕದಲ್ಲಿರಲಿ. ಪವರ್ ಬಿಐ ತಾನಾಗಿ ಮಿಲಿಯನ್‌ನಲ್ಲಿ ತೋರಿಸುತ್ತದೆ. ತಾಲ್ಲೂಕು ಪಂಚಾಯಿತಿ ಸಭೆಗೆ ಬೇಕಾದ್ದು ಲಕ್ಷ, ಕೋಟಿ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಭಾರತಕ್ಕೆ ಬದಲಿಸಿದರೆ ಎಕ್ಸೆಲ್‌ನಲ್ಲಿ ಅಲ್ಪವಿರಾಮಗಳು 6,10,95,297 ಎಂಬಂತೆ ಸರಿಯಾದ ಜಾಗದಲ್ಲಿ ಕೂರುತ್ತವೆ.

14. ಕಳಿಸುವ ಮೊದಲು ಇನ್ನೊಂದು ದಾರಿಯಲ್ಲಿ ಲೆಕ್ಕ ಮಾಡಿ

ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ 2010ರಲ್ಲಿ ಬರೆದ ಪ್ರಬಂಧವನ್ನು ಸರ್ಕಾರಗಳ ಮಟ್ಟದಲ್ಲಿ ಉಲ್ಲೇಖಿಸಲಾಯಿತು. 2013ರಲ್ಲಿ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆಯನ್ನು ಪಡೆದು ನೋಡಿದಾಗ ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಸೇರಿರಲೇ ಇಲ್ಲ. ಬೇರೆ ಕೆಲವು ಆಯ್ಕೆಗಳ ಬಗ್ಗೆಯೂ ಅವನ ತಂಡ ಆಕ್ಷೇಪಿಸಿತು. ಎಲ್ಲ ಸರಿಪಡಿಸಿ ಲೆಕ್ಕ ಹಾಕಿದಾಗ ಹೆಚ್ಚು ಸಾಲದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ 0.1ರ ಬದಲು ಶೇ 2.2 ಬಂತು.

ಪಿವೋಟ್‌ನಲ್ಲಿ ಬಂದ ಮೊತ್ತವನ್ನು ಎಸ್‌ಕ್ಯುಎಲ್‌ನಲ್ಲಿ ಮತ್ತೆ ಹಾಕಿ. ಯಾವುದಾದರೂ ಒಂದು ತಾಲ್ಲೂಕು ಆರಿಸಿ ಕೈಯಿಂದಲೇ ಕೂಡಿಸಿ. ಕ್ವೆರಿ, ಡೇಟಾ ತೆಗೆದ ತಾರೀಕು, ಬಿಟ್ಟ ಸಾಲುಗಳು, ಬಿಟ್ಟ ಕಾರಣ, ನಾಲ್ಕನ್ನೂ ಚಾರ್ಟ್‌ನ ಜತೆಗೇ ಉಳಿಸಿ. ಆಮೇಲೆ ಈ ಕೆಲಸದಲ್ಲಿಲ್ಲದ ಒಬ್ಬ ಸಹೋದ್ಯೋಗಿಯನ್ನು ಕರೆದು, ಏನೂ ವಿವರಿಸದೆ ಚಾರ್ಟ್ ಮುಂದಿಟ್ಟು, ‘ಇದರಿಂದ ಏನು ತಿಳಿಯಿತು?’ ಎಂದು ಕೇಳಿ. ಅವರು ಹೇಳಿದ್ದು ನಿಮ್ಮ ಶೀರ್ಷಿಕೆಗೆ ಹೊಂದದಿದ್ದರೆ ಚಾರ್ಟ್ ತಿದ್ದಿ, ಇನ್ನೊಬ್ಬರಿಗೆ ತೋರಿಸಿ.